ಬೆಳ್ಳಗೆ ತೊಳೆದ ಸ್ಪಂಜು

ಫೆಬ್ರವರಿ 4

ಮಾವ ಇವತ್ತು ಬೆಳಿಗ್ಗೆ ಕಣ್ಣಿನ ಆಪರೇಷನ್ನಿಗೆ ರಾಜಧಾನಿ ಬಿಷ್ಕೆಕ್‌ಗೆ ಹೊರಟರು. ನನ್ನ ಗಂಡ ತಿಲೆಕ್ ತನ್ನ ಕಲ್ಲಿದ್ದಲು ಲಾರಿಯಲ್ಲೇ ಕರೆದುಕೊಂಡು ಹೋದ. ಅವರ ಎಡಗಣ್ಣು ಯಾವತ್ತೋ ಹೋಗಿದೆ, ಮಂಜುಗಡ್ಡೆ ಒಡೆಯುವಾಗ ಚೂರು ಸಿಡಿದು. ಮೂವತ್ತೊಂದು ವರ್ಷ ನರಿನ್ ನದಿಯ ನೀರು ಎಷ್ಟಿದೆ ಎಂದು ಕೋಲಿನಲ್ಲಿ ಅಳೆದು ಬರೆಯುವುದೇ ಅವರ ಕೆಲಸವಾಗಿತ್ತು. ಈಗ ಬಲಗಣ್ಣಿಗೂ ಪೊರೆ ಬಂದಿದೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ತರಬಾರದು, ಆದ್ದರಿಂದ ಇಲ್ಲೂ ಬರೆಯುವುದಿಲ್ಲ. ಈ ಮನೆಯಲ್ಲಿ ನಾನು ಸರಿಯಾಗಿ ಪಾಲಿಸುವ ನಿಯಮ ಇದೊಂದೇ ಇರಬೇಕು.

ಹೊರಡುವಾಗ ಬೂಟು ಹಾಕಿಕೊಳ್ಳುತ್ತಾ ಮೀನಿನ ತೊಟ್ಟಿಯ ಕಡೆ ತಿರುಗಿ ಹೇಳಿದರು: "ದಿನಕ್ಕೆ ಒಂದು ಚಿಟಿಕೆ ಹಾಕು ಮಗಳೇ. ಅಷ್ಟೇ. ಬೇರೆ ಏನೂ ಮಾಡ್ಬೇಡ."

"ಹಾಗೇ ಆಗ್ಲಿ ಅತಾ" ಅಂದೆ. ಹೆಸರಿನ ಬದಲು 'ಅತಾ', ಅಂದರೆ ಅಪ್ಪ ಎನ್ನುತ್ತೇನೆ.

ಅತ್ತೆ ಒಳಗಿನಿಂದ ಕೂಗಿದರು: "ಮೀನಿಗೆ ಇಷ್ಟು ಹೇಳ್ತಾರೆ, ಹೆಂಡ್ತಿಗೆ ಒಂದ್ ಮಾತಿಲ್ಲ. ನಾನೂ ಒಂದು ಚಿಟಿಕೆ ತಿಂದ್ಕೊಂಡು ಬದುಕ್ತೀನಿ ಬಿಡು!"

ಏಳು ಚಿನ್ನದ ಮೀನುಗಳು. ಕಿಟಕಿಯಷ್ಟು ದೊಡ್ಡ ಗಾಜಿನ ತೊಟ್ಟಿ. ಬಿಳಿ ಬೆನ್ನಿನದೊಂದು ಇದೆ, ಅದಕ್ಕೆ ಹನ್ನೊಂದು ವರ್ಷವಂತೆ. ಮಾವ ಗಾಜಿಗೆ ಬೆರಳು ಇಟ್ಟರೆ ಬಂದು ಅಲ್ಲೇ ಬಾಯಿ ಹಚ್ಚುತ್ತದೆ. ಬೇರೆ ಯಾವುದೂ ಬರುವುದಿಲ್ಲ.

ಮದುವೆಯಾಗಿ ನಾಲ್ಕು ತಿಂಗಳು. ನಾನು ಎಲ್ಲೂ ಆರು ತಿಂಗಳು ನಿಂತವಳಲ್ಲ. ಶಾಲೆ ಹತ್ತನೆಯದರಲ್ಲಿ ಬಿಟ್ಟೆ, ಹೊಲಿಗೆ ಕಾರ್ಖಾನೆ ಐದು ತಿಂಗಳಿಗೆ, ಹೋಟೆಲಿನ ಪಾತ್ರೆ ಕೆಲಸ ಒಂಬತ್ತು ದಿನಕ್ಕೆ. ಇವರ ಮನೆಯಲ್ಲಿ ಗೋಡೆಗಳು ಕೂಡ ನನ್ನನ್ನು ಅಳೆಯುತ್ತವೆ ಅನ್ನಿಸುತ್ತದೆ. ತಿಲೆಕ್ ಒಳ್ಳೆಯವನು. ಆದರೆ ಅವನು ಇರುವುದು ಲಾರಿಯಲ್ಲಿ. ವಸಂತ ಬರುವ ತನಕ ನೋಡುತ್ತೇನೆ.

ಫೆಬ್ರವರಿ 6

ನಾಳೆ ಅತ್ತೆಯ ಅಕ್ಕ ತಲಾಸ್‌ನಿಂದ ಬರುತ್ತಾರೆ, ತಮ್ಮ ಇಬ್ಬರು ನಾದಿನಿಯರ ಜೊತೆ. ಹೊಸ ಸೊಸೆಯನ್ನು ನೋಡಲು.

"ಅವಳು ನಿನ್ನ ಮುಖ ನೋಡಲ್ಲ ಕಣೇ" ಅಂದರು ಅತ್ತೆ. "ಬೀರು ಹಿಂದೆ ಬೆರಳಾಡಿಸಿ ಬೆರಳು ನೋಡ್ತಾಳೆ. ಮೂವತ್ತು ವರ್ಷದ ಹಿಂದೆ ನನ್ನ ಚಹಾ ಕೆಟಲಿನ ಮೂತಿ ಒಳಗೆ ನೋಡಿದ್ಲು. ಇವತ್ತಿಗೂ ಹೇಳ್ತಾಳೆ. ಎಲ್ಲ ತೊಳೆದುಬಿಡು. ಎಲ್ಲ ಅಂದ್ರೆ ಎಲ್ಲ."

ಅವರು ಬಜಾರಿಗೆ ಹೋದರು. ನಾನು ಉಣ್ಣೆಯ ಕಂಬಳಿಗಳನ್ನು ಅಂಗಳದ ಹಿಮದ ಮೇಲೆ ಮಗುಚಿ ಹಾಕಿ ಬಡಿದೆ. ಹಿಮದ ಮೇಲೆ ಕಂಬಳಿಯ ಆಕಾರಕ್ಕೆ ಬೂದಿ ಬಣ್ಣ ಉಳಿಯಿತು. ಅದನ್ನು ನೋಡಿದರೆ ಖುಷಿಯಾಗುತ್ತದೆ. ನನಗೆ ಬೇಗ ಮುಗಿದು ಕಣ್ಣಿಗೆ ಕಾಣುವ ಕೆಲಸ ಇಷ್ಟ. ಮನೆಯಲ್ಲಿ ಯಾರೂ ಇಲ್ಲವೆಂದು ತಲೆವಸ್ತ್ರ ಬಿಚ್ಚಿಟ್ಟೆ, ಕೂದಲು ಬಿಟ್ಟುಕೊಂಡೆ. ಪಾತ್ರೆ, ಕಿಟಕಿ, ಬೀರುವಿನ ಹಿಂಭಾಗ. ಆಮೇಲೆ ಉಳಿದದ್ದು ಮೀನಿನ ತೊಟ್ಟಿ.

ಗಾಜು ಉಜ್ಜಿದೆ. ಅರ್ಧ ನೀರು ಬದಲಿಸಿದೆ. ಮೂಲೆಯಲ್ಲಿ ನೀರೊಳಗೆ ನಿಂತಿರುವ ಕರಿ ಡಬ್ಬಿ ಫಿಲ್ಟರ್. ಮೇಲೆ ಪುಟ್ಟ ಮೋಟಾರು, ಕೆಳಗೆ ಸ್ಪಂಜು. ಬಿಚ್ಚಿದೆ. ಸ್ಪಂಜಿನ ತುಂಬ ಕಂದು ಲೋಳೆ, ಹಿಂಡಿದರೆ ಜೌಗು ವಾಸನೆ. ಇದನ್ನು ತಲಾಸ್‌ನವರು ನೋಡಿದರೆ? ಸೋಡಾ ಹಾಕಿದ ನೀರಿನಲ್ಲಿ ಕುದಿಸಿದೆ. ಒಂಬತ್ತು ಸಲ ನೀರು ಬದಲಿಸಿ ಬೆಳ್ಳಗಾಗುವ ತನಕ ತೊಳೆದೆ. ಮೋಟಾರಿನ ಹೊಟ್ಟೆಯೊಳಗಿನ ಪುಟ್ಟ ಚಕ್ರವನ್ನೂ ತೆಗೆದು ತೊಳೆದೆ.

ಮತ್ತೆ ಜೋಡಿಸಿ ಪ್ಲಗ್ ಹಾಕಿದೆ. ಎರಡು ಮೂರು ಉಸಿರಿನಷ್ಟು ಹೊತ್ತು ತಿರುಗಿ ಗಕ್ಕನೆ ನಿಂತಿತು.

ಅಷ್ಟರಲ್ಲಿ ಅತ್ತೆ ಬಂದರು, ಹಿಟ್ಟು ನಾದಬೇಕಿತ್ತು. ನಾಳೆ ನೋಡೋಣ.

ಫೆಬ್ರವರಿ 7

ನೋಡಲಿಲ್ಲ. ಬಂದವರಿಗೆ ಅದೇ ಕೋಣೆಯಲ್ಲಿ ಹಾಸಿಗೆ ಹಾಕಿದ್ದೇವೆ.

ತಲಾಸ್‌ನ ದೊಡ್ಡಮ್ಮ ನಿಜವಾಗಿಯೂ ಬೆರಳಾಡಿಸಿದರು. ಏನೂ ಸಿಗಲಿಲ್ಲ. ತೊಟ್ಟಿಯ ಮುಂದೆ ನಿಂತು, "ಅಯ್ಯೋ, ನೀರೇ ಕಾಣ್ಸಲ್ವಲ್ಲೇ! ಮೀನು ಗಾಳಿಲಿ ತೇಲ್ತಾ ಇರೋ ಹಂಗಿದೆ" ಅಂದರು.

"ನಮ್ಮ ಸೊಸೆ ಕೈ" ಅಂದರು ಅತ್ತೆ. ನನ್ನನ್ನು ಹಾಗೆ ನೋಡಿದ್ದು ಇದೇ ಮೊದಲು.

ಫಿಲ್ಟರ್ ನಿಂತಿದೆ ಎಂದು ಹೇಳಲು ಬಾಯಿ ತೆರೆದೆ. ಕೈಯಲ್ಲಿ ಚಹಾ ತಟ್ಟೆ ಇತ್ತು. ತಲೆ ಬಗ್ಗಿಸಿ ಚಹಾ ಕೊಟ್ಟೆ.

ಫೆಬ್ರವರಿ 8

ನೀರಿಗೆ ಹಾಲು ಬೆರೆಸಿದ ಹಾಗಾಗಿದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ. ದೊಡ್ಡಮ್ಮ, "ಹಾಡು ಹೇಳ್ತಿವೆ ನೋಡು" ಅಂದರು.

ಫೆಬ್ರವರಿ 9

ಬಂದವರು ಬೆಳಿಗ್ಗೆ ಹೊರಟರು. ಹಾಸಿಗೆ ಎತ್ತಿ ತೊಟ್ಟಿಯ ದೀಪ ಹಾಕಿದೆ. ಎರಡು ಸತ್ತಿದ್ದವು. ಒಂದು ಚಿಕ್ಕ ಕೆಂಪು. ಇನ್ನೊಂದು ಬಿಳಿ ಬೆನ್ನಿನದು.

ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದೆ. ಹೂಳಬೇಕಿತ್ತು. ನೆಲ ಕಲ್ಲಾಗಿದೆ. ಅದು ನೆಪ. ಯಾರೂ ನೋಡುವ ಮೊದಲು ಮುಗಿಯಲಿ ಅನ್ನಿಸಿತ್ತು.

ಹನ್ನೊಂದಕ್ಕೆ ಮಾವ ಬಿಷ್ಕೆಕ್‌ನಿಂದ ಫೋನ್ ಮಾಡಿದರು. ಆಪರೇಷನ್ ಆಗಿದೆ, ಕಣ್ಣು ತುಂಬ ಊದಿದೆ, ಹನ್ನೆರಡು ದಿನ ಕಟ್ಟಿಕೊಂಡೇ ಇರಬೇಕು.

"ಹೇಗಿದಾವೆ ಮಗಳೇ?"

"ಚೆನ್ನಾಗಿವೆ ಅತಾ."

ಶಾಲೆಯ ಪರೀಕ್ಷೆಯಲ್ಲಿ ಜಿಲ್ಲೆಯಿಂದ ತಪಾಸಣೆಯವರು ಬರುತ್ತಾರೆಂದು ನಮ್ಮ ಜೀವಶಾಸ್ತ್ರದ ಶಿಕ್ಷಕಿ, ನಾವು ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದವರು, ಉತ್ತರಗಳನ್ನು ಬಾಯಲ್ಲೇ ಹೇಳಿ ಬರೆಸಿದ್ದರು. ನಾನು ನನ್ನ ಹಾಳೆಯ ಕೊನೆಗೆ 'ಈ ಉತ್ತರಗಳನ್ನು ಶಿಕ್ಷಕಿ ಹೇಳಿಕೊಟ್ಟರು' ಎಂದು ಬರೆದವಳು. ಅದಕ್ಕಾಗಿಯೇ ಶಾಲೆ ಬಿಡಬೇಕಾಯಿತು. ಅದೇ ನಾನು, ಆ ಮೀರ್‌ಗುಲ್, ಇವತ್ತು ಫೋನಿನಲ್ಲಿ 'ಚೆನ್ನಾಗಿವೆ' ಅಂದೆ. ಎಷ್ಟು ಸಲೀಸಾಗಿ ಬಂತು ಎನ್ನುವುದೇ ಹೆದರಿಕೆ.

ಫೆಬ್ರವರಿ 11

ಮಾವ ಬಂದರು. ತಿಲೆಕ್ ಬಾಗಿಲ ತನಕ ಬಿಟ್ಟು ಮತ್ತೆ ಲಾರಿ ಹತ್ತಿದ. ಬಲಗಣ್ಣಿನ ಮೇಲೆ ಹತ್ತಿಯ ಪಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಗೋಡೆ ಹಿಡಿದುಕೊಂಡು ನೇರವಾಗಿ ತೊಟ್ಟಿಯ ಮುಂದಿನ ಕುರ್ಚಿಗೆ ಹೋಗಿ ಕೂತರು. ಕೋಟು ಕೂಡ ಬಿಚ್ಚಿರಲಿಲ್ಲ.

ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿಸಿಕೊಂಡರು. "ಸದ್ದಿಲ್ವಲ್ಲ?"

"ಕರೆಂಟ್ ಹೋಗಿದೆ ಅತಾ."

ಅಡುಗೆಮನೆಯಲ್ಲಿ ಫ್ರಿಜ್ ಗುಂಯ್‌ಗುಡುತ್ತಿತ್ತು. ನನಗೆ ಈಗಲೂ ಅದೇ ಕೇಳಿಸುತ್ತಿದೆ. ಮಾವ ತಡಕಿ ಗಾಜಿಗೆ ಬೆರಳು ಇಟ್ಟರು.

"ಬಂದ್ಲಾ?"

ಏನು ಹೇಳಬೇಕಿತ್ತು? ಏನು ಹೇಳಬೇಕಿತ್ತು ಎಂದು ನನಗೆ ಗೊತ್ತಿತ್ತು.

"ಬಂದಿದಾಳೆ ಅತಾ. ಬೆರಳ ಹತ್ರಾನೇ ಇದಾಳೆ."

ಮಾವ ನಕ್ಕರು. ಆ ಮೀನನ್ನು ಯಾವ ಊರಿನ ಬಜಾರಿನಿಂದ, ಯಾವ ಚಳಿಗಾಲದಲ್ಲಿ, ಜಾಡಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ತಂದರೆಂದು ಹೇಳಿದರು. ನಾನು ನಿಂತು ಕೇಳಿದೆ. ಬೆರಳು ಗಾಜಿನ ಮೇಲೇ ಇತ್ತು.

ನನ್ನ ಮೇಲೆ ಯಾರಾದರೂ ಕುದಿಯುವ ನೀರು ಸುರಿಯಬೇಕಿತ್ತು.

ಫೆಬ್ರವರಿ 12

ಅಳುವುದರಿಂದ ಚಕ್ರ ತಿರುಗುವುದಿಲ್ಲ. ಕೆಲಸಕ್ಕೆ ಕೂತೆ.

ಮೊದಲು ಅದೇ ಪ್ಲಗ್ ಪಾಯಿಂಟಿಗೆ ಮೇಜಿನ ದೀಪ ಹಾಕಿದೆ. ಉರಿಯಿತು. ಅಂದರೆ ಕರೆಂಟ್ ಬರುತ್ತಿದೆ. ಫಿಲ್ಟರಿನ ವೈರನ್ನು ಉದ್ದಕ್ಕೂ ಬಗ್ಗಿಸಿ ನೋಡಿದೆ, ಎಲ್ಲೂ ಸೀಳಿಲ್ಲ. ಮತ್ತೆ ಪ್ಲಗ್ ಹಾಕಿ, ಮರದ ಸೌಟಿನ ಒಂದು ತುದಿ ಮೋಟಾರಿಗೆ, ಇನ್ನೊಂದು ತುದಿ ಕಿವಿಗೆ. ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತಿದೆ. ಮೋಟಾರು ಸತ್ತಿಲ್ಲ, ಚಕ್ರವನ್ನು ಏನೋ ಹಿಡಿದಿಟ್ಟಿದೆ.

ಪ್ಲಗ್ ಕಿತ್ತು ಬಿಚ್ಚಿದೆ. ಚಕ್ರಕ್ಕೆ ಅಂಟಿದ ಅಯಸ್ಕಾಂತ ಹೊರಗೆ ಬರಲು ಒಪ್ಪದೆ ಎಳೆಯುತ್ತದೆ. ಅದು ಕೂರುವ ಸಣ್ಣ ಕಡ್ಡಿಯ ಸುತ್ತ ಕರಿಯ ನೂಲು ಸುತ್ತಿಕೊಂಡಿತ್ತು. ಸೂಜಿಯಿಂದ ಬಿಡಿಸಿದೆ. ಬಿಡಿಸಿದಷ್ಟೂ ಉದ್ದ. ನೂಲಲ್ಲ, ಕೂದಲು. ಈ ಮನೆಯಲ್ಲಿ ಇಷ್ಟು ಉದ್ದದ ಕೂದಲು ಇರುವುದು ನನಗೊಬ್ಬಳಿಗೇ. ಅವತ್ತು ತಲೆವಸ್ತ್ರ ಬಿಚ್ಚಿಟ್ಟವಳು ನಾನು.

ಕುರ್ಚಿಯಿಂದ ಮಾವ ಕೇಳಿದರು: "ಏನ್ ಮಾಡ್ತಿದೀಯ ಮಗಳೇ?"

"ಧೂಳು ಒರೆಸ್ತಿದೀನಿ ಅತಾ."

"ಎಷ್ಟು ಕೆಲಸ ಮಾಡ್ತೀಯ. ಸ್ವಲ್ಪ ಕೂತ್ಕೋ."

ಮತ್ತೆ ಜೋಡಿಸಿದರೆ ಈ ಸಲ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಲಟಪಟ ಎಂದು ನಿಂತಿತು. ಕಡ್ಡಿಯ ಒಂದು ತುದಿಯಲ್ಲಿ ಅವರೆಕಾಳಿನಷ್ಟು ರಬ್ಬರ್ ಟೋಪಿ ಇದೆ, ಇನ್ನೊಂದು ತುದಿ ಬೋಳು. ಅಲ್ಲೂ ಒಂದಿರಬೇಕಿತ್ತು. ತೊಳೆಯುವಾಗ ಸಿಂಕಿನಲ್ಲಿ ಹೋಗಿದೆ. ಸಿಂಕಿನ ಕೆಳಗಿನ ಕೊಳವೆ ಬಿಚ್ಚಿ ಬಕೆಟ್ಟಿಗೆ ಸುರಿದು ಕೈಯಾಡಿಸಿದೆ. ಇಲ್ಲ. ಬಜಾರಿನ ರಿಪೇರಿಯವನ ಹತ್ತಿರ ಓಡಿದೆ.

"ಮೀನಿಗೂ ಮಷೀನಾ?" ಅಂದ ಅವನು. "ತಂಗಿ, ನಾನು ಕುರಿ ಉಣ್ಣೆ ಕತ್ತರಿಸೋ ಮಷೀನ್ ರಿಪೇರಿ ಮಾಡೋನು. ಕುರಿ ಈಜಲ್ಲ."

ಫೆಬ್ರವರಿ 13

ಮಾವನ ಇಂಜೆಕ್ಷನ್ ಔಷಧಿಯ ಖಾಲಿ ಸೀಸೆಗಳಿಗೆ ಬೂದು ರಬ್ಬರಿನ ಬಿರಡೆ ಇರುತ್ತದೆ. ಅದನ್ನು ಬ್ಲೇಡಿನಲ್ಲಿ ಕತ್ತರಿಸಿ, ಕಾಯಿಸಿದ ಸೂಜಿಯಿಂದ ತೂತು ಮಾಡಿದೆ. ಮೊದಲನೆಯದು ಸೀಳಿತು. ಎರಡನೆಯದು ಸಡಿಲ. ಮೂರನೆಯದಕ್ಕೆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಬೆರಳ ತುದಿ ಸುಟ್ಟಿದೆ.

ಪ್ಲಗ್ ಹಾಕಿದೆ. ಒಂದು ಸಲ ಕೆಮ್ಮಿತು. ಆಮೇಲೆ ನೀರು ಜುಳುಜುಳು ಎಂದು ಬಂತು.

ಪಕ್ಕದ ಕೋಣೆಯಿಂದ ಮಾವ: "ಹಾಂ, ಬಂತು!" ಮಗುವಿನ ಹಾಗೆ. "ಏಳೂ ತಿಂದ್ವಾ ಇವತ್ತು?"

"ತಿಂದ್ವು ಅತಾ."

ರಿಪೇರಿ ಮಾಡಿದ ಸಂತೋಷಕ್ಕೂ ನನಗೆ ಹಕ್ಕಿಲ್ಲ. ಆದರೂ ಆಯಿತು, ಸುಳ್ಳು ಹೇಳುವುದಿಲ್ಲ. ಇನ್ನು ಉಳಿದ ಐದೂ ಬದುಕುತ್ತವೆ. ಪಟ್ಟಿ ತೆಗೆಯುವುದು ಇಪ್ಪತ್ತೊಂದಕ್ಕೆ. ಅಷ್ಟರೊಳಗೆ ಹೇಳಿಬಿಡುತ್ತೇನೆ.

ಫೆಬ್ರವರಿ 14

ಇನ್ನೊಂದು ಸತ್ತಿದೆ.

ಚಕ್ರ ತಿರುಗುತ್ತಿದೆ. ನೀರು ಹರಿಯುತ್ತಿದೆ. ಸ್ಪಂಜು ಹಾಲಿನಷ್ಟು ಬಿಳಿ. ಮತ್ತೆ ಯಾಕೆ?

ಫೆಬ್ರವರಿ 15

ತಿಲೆಕ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. ಮೊದಲು ನಕ್ಕ, ಆಮೇಲೆ ಬಿಳಿ ಬೆನ್ನಿನದು ಎಂದು ತಿಳಿದು ನಗು ನಿಲ್ಲಿಸಿದ.

"ಅಳ್ಬೇಡ ಕಣೇ. ಇಲ್ಲಿ ಬಜಾರಲ್ಲಿ ಮೂರು ತಗೊಂಡು ಬರ್ತೀನಿ. ಬಿಳಿ ಬೆನ್ನಿಂದೂ ಸಿಗತ್ತೆ. ಹತ್ತೊಂಬತ್ತಕ್ಕೆ ನಾನಲ್ಲಿ, ಇಪ್ಪತ್ತೊಂದಕ್ಕೆ ಅಪ್ಪನ ಕಣ್ಣು. ಹೊಸ ಕಣ್ಣಿಗೆ ಹೊಸ ಮೀನು. ಯಾರಿಗೆ ಗೊತ್ತಾಗತ್ತೆ?"

"ಬೇಡ" ಎನ್ನಬೇಕಿತ್ತು. "ಆಗ್ಲಿ" ಅಂದೆ. ಎಷ್ಟು ಹಗುರವಾಯಿತೆಂದರೆ ಎರಡು ದಿನದ ನಂತರ ಊಟ ಸೇರಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತಿದೆ.

ಆದರೆ ಹೊಸದೂ ಸತ್ತರೆ? ನೀರಿಗೆ ಏನಾಗಿದೆಯೆಂದು ತಿಳಿಯಲೇಬೇಕು. ಈ ಊರಿನಲ್ಲಿ ನನಗೆ ಗೊತ್ತಿರುವ ಇನ್ನೊಂದು ಮೀನಿನ ತೊಟ್ಟಿ ಒಂದೇ. ನಮ್ಮ ಶಾಲೆಯ ಜೀವಶಾಸ್ತ್ರದ ಕೋಣೆಯದು. ಅದನ್ನು ನೋಡಿಕೊಳ್ಳುವವರು ಬುರುಲ್ ಎಜೆ. ನಾನು ಹಾಳೆಯ ಕೊನೆಗೆ ಬರೆದದ್ದು ಅವರ ಬಗ್ಗೆಯೇ.

ಫೆಬ್ರವರಿ 17

ಹೋದೆ. ಕಾರಿಡಾರಿನಲ್ಲಿ ಅದೇ ಬಣ್ಣದ, ಅದೇ ಎಲೆಕೋಸಿನ ಸೂಪಿನ ವಾಸನೆ. ಎಜೆ ಮೇಜಿನ ಮೇಲೆ ಪುಸ್ತಕ ತಿದ್ದುತ್ತಿದ್ದರು. ತಲೆ ಎತ್ತಿ ನೋಡಿದರು.

"ಓಹೋ, ಸತ್ಯವಂತೆ! ಏನಮ್ಮ, ಇನ್ನೂ ಏನಾದ್ರೂ ಬರೆದುಕೊಡೋದು ಬಾಕಿ ಇತ್ತಾ?"

"ಎಜೆ, ನಮ್ಮ ಮನೇಲಿ ಮೀನು ಸಾಯ್ತಿವೆ."

"ಯಾರ ಮನೇಲಿ? ಮದುವೆ ಆಯ್ತಾ? ಯಾರಿಗೆ ಕೊಟ್ರು ಈ ಮೆಣಸಿನಕಾಯಿನ?"

ಯಾರ ಮನೆ ಎಂದು ಹೇಳಿದೆ. ಅವರ ಮುಖ ಬದಲಾಯಿತು. ನದಿ ಅಳೆಯುವ ಮನುಷ್ಯ ಎಂದರೆ ಎಲ್ಲರಿಗೂ ಗೊತ್ತು. ನಡೆದದ್ದೆಲ್ಲ ಹೇಳಿದೆ. ಸೋಡಾ, ಕುದಿಸಿದ್ದು, ಕೂದಲು, ರಬ್ಬರ್ ಟೋಪಿ, ಫೋನ್, ಬೆರಳು.

"ಎಷ್ಟು ಸುಳ್ಳು ಹೇಳಿದೀಯ ಒಟ್ಟು?"

"ಐದು."

"ನಾನು ನಿಮಗೆ ಹೇಳಿಕೊಟ್ಟಿದ್ದು ಹನ್ನೆರಡು ಉತ್ತರ" ಅಂದರು ಎಜೆ. "ಅದರಲ್ಲಿ ಒಂದು ತಪ್ಪಿತ್ತು. ಅದನ್ನ ಯಾರೂ ಕಂಡುಹಿಡೀಲಿಲ್ಲ. ನೀನೂ ಕೂಡ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಎದ್ದು ತೋಳು ಮಡಚಿ ತೊಟ್ಟಿಯೊಳಗೆ ಕೈ ಹಾಕಿ ತಮ್ಮ ಫಿಲ್ಟರಿನ ಸ್ಪಂಜು ತೆಗೆದರು. ನಾನು ತೊಳೆದೆಸೆದ ಅದೇ ಕಂದು ಲೋಳೆ, ಅದೇ ವಾಸನೆ.

"ಇದನ್ನ ಕೊಳೆ ಅಂದ್ಕೊಂಡೆ, ಅಲ್ವಾ? ಮೀನಿನ ಹೊಲಸು ನೀರಲ್ಲಿ ಸೇರಿದ್ರೆ ವಿಷ. ಆ ವಿಷಾನೇ ತಿಂದ್ಕೊಂಡು ಬದುಕೋ ಸಣ್ಣ ಜೀವಗಳು ಇಲ್ಲಿ ಕೋಟಿಗಟ್ಲೆ ಇದಾವೆ. ಒಂದು ಸ್ಪಂಜು ಹೀಗಾಗಕ್ಕೆ ತಿಂಗಳುಗಟ್ಲೆ ಬೇಕು. ನೀನು ಅವನ್ನೆಲ್ಲ ಬೇಯಿಸಿಟ್ಟೆ. ಈಗ ನಿನ್ನ ಮೋಟಾರು ವಿಷಾನೇ ಸುತ್ತುಸುತ್ತು ತಿರುಗಿಸ್ತಾ ಇದೆ."

ಮೂರನ್ನೂ ಕೊಂದದ್ದು ನಿಂತ ಚಕ್ರವೊಂದೇ ಅಲ್ಲ. ನನ್ನ ಒಂಬತ್ತು ಸಲದ ತೊಳೆತ.

ಎಜೆ ಕತ್ತರಿ ತೆಗೆದು ಸ್ಪಂಜನ್ನು ಅರ್ಧ ಮಾಡಿದರು. "ನಿನ್ನ ಬಿಳಿ ಸ್ಪಂಜಿಗೆ ಒತ್ತಿ ಇಡು. ದಿನಾ ಮೂರನೇ ಒಂದು ಪಾಲು ನೀರು ಬದಲಿಸು. ಹಿಂದಿನ ದಿನ ಹಿಡಿದಿಟ್ಟ ನೀರು ಮಾತ್ರ. ಊಟ ಎರಡು ದಿನಕ್ಕೊಂದ್ಸಲ. ಒಂದು ತಿಂಗಳು ಒಂದೇ ಒಂದು ಹೊಸ ಮೀನು ಬಿಡ್ಬೇಡ. ಬಿಟ್ರೆ ಹಳೇದೂ ಹೋಗತ್ತೆ, ಹೊಸದೂ ಹೋಗತ್ತೆ."

"ಒಂದು ತಿಂಗಳಾ?"

"ಯಾಕೆ, ಕಾಯಕ್ಕೆ ಬರಲ್ವಾ? ಬೆಂಚಲ್ಲಿ ಹತ್ತು ನಿಮಿಷ ಕೂತವಳಲ್ಲ ನೀನು."

ಅಂದು ಬರೆದದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ. ಬರೆಸಿದ್ದಕ್ಕೆ ಅವರೂ ಕೇಳಲಿಲ್ಲ. ಬಾಗಿಲ ತನಕ ಬಂದು ನನ್ನ ಕೋಟಿನ ಗುಂಡಿ ತಾವೇ ಹಾಕಿದರು, ಒಳಗೆ ಅರ್ಧ ಸ್ಪಂಜು ಹಾಕಿದ ಜಾಡಿ ಇತ್ತಲ್ಲ. ಹೊರಗೆ ಮೈನಸ್ ಇಪ್ಪತ್ತೆರಡು ಡಿಗ್ರಿ ಚಳಿ. ಹೆಪ್ಪುಗಟ್ಟಿದರೆ ಜೀವಗಳು ಸಾಯುತ್ತವೆ.

ವ್ಯಾನಿನಲ್ಲಿ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ನಮ್ಮ ಕಟ್ಟಡದ ಅಜ್ಜಿಯೊಬ್ಬರು ಎದ್ದು ಜಾಗ ಕೊಟ್ಟರು. "ಕೂತ್ಕೋ ಕೂತ್ಕೋ. ಎಷ್ಟು ತಿಂಗಳು?"

"ಇದು ಸ್ಪಂಜು ಅಜ್ಜಿ."

"ಮೊದಲನೇದು ಅಲ್ವಾ, ನಾಚಿಕೆ ಇರತ್ತೆ" ಅಂದರು ಅಜ್ಜಿ. ಇಡೀ ವ್ಯಾನು ನಕ್ಕಿತು. ಸಂಜೆಗೆ ಮೂವರು ಹೆಂಗಸರು ಅತ್ತೆಗೆ ಶುಭ ಹಾರೈಸಿದ್ದಾರೆ.

ಫೆಬ್ರವರಿ 18

ನೀರು ಬದಲಿಸಿದೆ. ನಾಲ್ಕೂ ಇವೆ.

ಫೆಬ್ರವರಿ 19

ತಿಲೆಕ್ ಮಧ್ಯಾಹ್ನ ಬಂದ. ಜಾಕೆಟಿನೊಳಗಿನಿಂದ ನೀರು ತುಂಬಿದ ಪ್ಲಾಸ್ಟಿಕ್ ಚೀಲ ತೆಗೆದ. ಮೂರು ಮೀನು. ಒಂದರ ಬೆನ್ನು ಬಿಳಿ. ಎಷ್ಟು ಹೋಲುತ್ತಿತ್ತೆಂದರೆ ನಾನು ಚೀಲದ ಮೇಲೆ ಬೆರಳು ಇಟ್ಟು ನೋಡಿದೆ.

"ಬೇಗ ಬಿಡು" ಎಂದು ಪಿಸುಗುಟ್ಟಿದ. "ಅಪ್ಪ ಚಹಾ ಕುಡೀತಿದಾರೆ."

"ಎಜೆ ಒಂದು ತಿಂಗಳು ಬಿಡ್ಬಾರ್ದು ಅಂದ್ರು. ನಾಲ್ಕೂ ಸಾಯ್ತವೆ."

"ಇನ್ನೆರಡು ದಿನಕ್ಕೆ ಅಪ್ಪನ ಪಟ್ಟಿ ಬಿಚ್ತಾರೆ ಕಣೇ. ಆ ಕಣ್ಣು ಒಂದು ತಿಂಗಳು ಕಾಯತ್ತಾ?"

ಅಡುಗೆಮನೆಯ ದೊಡ್ಡ ಬೋಗುಣಿಗೆ ಹಿಡಿದಿಟ್ಟ ನೀರು ಸುರಿದು ಆ ಮೂರನ್ನೂ ಅಲ್ಲಿ ಬಿಟ್ಟೆ. ಆಮೇಲೆ ಮಾವನ ಕೋಣೆಗೆ ಹೋದೆ. ತಿಲೆಕ್ ನನ್ನ ತೋಳು ಹಿಡಿದ, ಆಮೇಲೆ ಬಿಟ್ಟ.

"ಅತಾ, ನಾನು ನಿಮಗೆ ಸುಳ್ಳು ಹೇಳಿದೀನಿ."

"ಯಾವುದು?"

'ಯಾಕೆ' ಅನ್ನಲಿಲ್ಲ. 'ಯಾವುದು' ಅಂದರು. ಹಾಗಾಗಿ ಒಂದೊಂದನ್ನೇ ಹೇಳಬೇಕಾಯಿತು. ಫೋನಿನದು. ಕರೆಂಟಿನದು. ಧೂಳಿನದು. ಏಳೂ ತಿಂದವು ಎಂದದ್ದು. ಬೆರಳಿನದನ್ನು ಕೊನೆಗೆ ಉಳಿಸಿಕೊಂಡಿದ್ದೆ. "ಅವತ್ತು ಬೆರಳ ಹತ್ರ ಯಾರೂ ಇರ್ಲಿಲ್ಲ ಅತಾ. ಅವಳು ಎರಡು ದಿನ ಮುಂಚೇನೇ ಹೋಗಿದ್ಲು. ನಾನೇ ಕೊಂದಿದ್ದು. ಏನೂ ಮಾಡ್ಬೇಡ ಅಂದಿದ್ರಿ, ಮಾಡಿದೆ."

ಮಾವ ಚಹಾ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ, ಮೆಲ್ಲಗೆ:

"ಅವತ್ತು ನನಗೆ ಫ್ರಿಜ್ ಸದ್ದು ಕೇಳಿಸ್ತಿತ್ತು. ಕರೆಂಟ್ ಹೋಗಿದೆ ಅಂದೆ ನೀನು. ಕಣ್ಣಂತೂ ಹೋಯ್ತು, ಈಗ ಕಿವೀನೂ ಕೆಟ್ಟಿತೇನೋ ಅಂದ್ಕೊಂಡೆ. ರಾತ್ರಿಯೆಲ್ಲ ಗಡಿಯಾರದ ಸದ್ದು ಕೇಳ್ತಾ ಪರೀಕ್ಷೆ ಮಾಡ್ಕೊಂಡೆ."

ನಾನು ಅವರ ಬಟ್ಟಲಿಗೆ ಚಹಾ ಹಾಕಲು ಕೈ ಚಾಚಿದೆ. ಮಾವ ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು.

ಬೈದಿದ್ದರೆ ಹೊತ್ತುಕೊಂಡು ಓಡಾಡಬಹುದಿತ್ತು. ಅವರು ನನ್ನನ್ನು ಅನುಮಾನಿಸಲಿಲ್ಲ. ತಮ್ಮ ಕಿವಿಯನ್ನು ಅನುಮಾನಿಸಿದರು. ಇದನ್ನು ಎಲ್ಲಿ ಇಟ್ಟುಕೊಳ್ಳಲಿ?

ಫೆಬ್ರವರಿ 20

ಮಾತಿಲ್ಲ. ಚಹಾ ಅತ್ತೆಯ ಕೈಯಿಂದ. ನೀರು ಬದಲಿಸಿದೆ. ನಾಲ್ಕು.

ಫೆಬ್ರವರಿ 21

ಪಟ್ಟಿ ತೆಗೆದರು. ಬೆಳಕಿದ್ದರೆ ಆಕಾರ ಕಾಣುತ್ತದಂತೆ, ಅಂಚುಗಳು ಮಂಜು. ಮಂಜು ಹೋಗಲು ಇನ್ನೂ ಮೂರು ವಾರ.

ಮನೆಗೆ ಬಂದು ತೊಟ್ಟಿಯ ಮುಂದೆ ನಿಂತು ನೋಡಿದರು, ಕೂರಲಿಲ್ಲ. ನನ್ನನ್ನೂ ನೋಡಿದರು. ನಾನು ಬಗ್ಗಿ ನಮಸ್ಕರಿಸಿದೆ. ತಲೆಯಾಡಿಸಿ ಒಳಗೆ ಹೋದರು.

ಅತ್ತೆ ಪಾತ್ರೆ ಒರೆಸುತ್ತಾ ಅಂದರು: "ತೊಳೆ ಅಂದಿದ್ದು ನಾನು. ಅದನ್ನ ಅವರಿಗೆ ಹೇಳಿದೀನಿ. ಬೇಯಿಸು ಅಂತ ಮಾತ್ರ ಅಂದಿರ್ಲಿಲ್ಲ, ಅದನ್ನೂ ಹೇಳಿದೀನಿ." ಒರೆಸುವ ಬಟ್ಟೆ ಹಿಂಡುತ್ತಾ: "ಅಳೋದಾದ್ರೆ ಬೋಗುಣಿ ಕಡೆ ಅಳ್ಬೇಡ, ಉಪ್ಪು ನೀರಾಗತ್ತೆ."

ಫೆಬ್ರವರಿ 24

ಎಜೆ ಸಂಜೆ ಬಂದು ಬೋಗುಣಿಯ ಮೀನುಗಳನ್ನು ಶಾಲೆಗೆ ಒಯ್ದರು. ಎರಡನ್ನು ಮಾತ್ರ. ಬಿಳಿ ಬೆನ್ನಿನದನ್ನು ಅತ್ತೆ ಕೊಡಲಿಲ್ಲ.

"ಇದು ನಾನು ಹಿಟ್ಟು ನಾದುವಾಗ ನನ್ನೇ ನೋಡ್ತಿರತ್ತೆ. ಮೂವತ್ತು ವರ್ಷದಲ್ಲಿ ಈ ಮನೇಲಿ ನನ್ನ ಕೆಲಸ ನೋಡಿದ್ದು ಇದೊಂದೇ."

ಎಜೆ ತೊಟ್ಟಿಗೆ ಮೂಗು ಇಟ್ಟು ಮೂಸಿದರು. ಸ್ಪಂಜಿನ ಅಂಚು ಹಳದಿಗೆ ತಿರುಗುತ್ತಿದೆ. "ಬರ್ತಾ ಇದೆ. ಮುಟ್ಬೇಡ" ಅಂದರು. ಮುಟ್ಟುವುದಿಲ್ಲ. ಕೂತು ನೋಡುತ್ತೇನೆ ಅಷ್ಟೇ. ಇವತ್ತು ಎಷ್ಟು ಹೊತ್ತು ಕೂತಿದ್ದೆನೋ, ಆಲೂಗಡ್ಡೆ ಸೀದಿತು.

ಮಾವ ಊಟಕ್ಕೆ ನನ್ನ ಕೈಯಿಂದ ರೊಟ್ಟಿ ತೆಗೆದುಕೊಂಡರು. ಚಹಾ ಇಲ್ಲ. ಮಾತು ಇಲ್ಲ. ಐದು ದಿನ.

ಫೆಬ್ರವರಿ 27

ಸಂಜೆ ಆರಕ್ಕೆ ಕರೆಂಟ್ ಹೋಯಿತು. ನಿಜವಾಗಿ ಹೋಯಿತು. ಇಡೀ ಬೀದಿ ಕತ್ತಲೆ. ಫಿಲ್ಟರ್ ನಿಂತಿತು.

ನೀರು ಓಡದಿದ್ದರೆ ಮೀನಿಗೆ ಗಾಳಿಯಿಲ್ಲ, ಸ್ಪಂಜಿನ ಜೀವಗಳಿಗೂ ಇಲ್ಲ. ಎಜೆ ಹೇಳಿದ್ದರು. ಟಾರ್ಚ್ ಹಚ್ಚಿ, ಸ್ಪಂಜನ್ನು ಡಬ್ಬಿಯಿಂದ ತೆಗೆದು ತೊಟ್ಟಿಯಲ್ಲೇ ತೇಲಲು ಬಿಟ್ಟೆ. ಆಮೇಲೆ ಸೌಟಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯಲು ಶುರುಮಾಡಿದೆ. ಮೊಗೆ, ಸುರಿ. ಮೊಗೆ, ಸುರಿ. ನೀರು ನೊರೆಯಾದರೆ ಗಾಳಿ ಸೇರುತ್ತದೆ.

ಬೆನ್ನ ಹಿಂದೆ ಕೋಲಿನ ಸದ್ದಾಯಿತು. ಮಾವ ಕುರ್ಚಿ ತಡಕಿ ಕೂತರು.

"ಈ ಬೆಳಕಲ್ಲಿ ನನಗೆ ಎಲ್ಲ ಮಂಜು" ಅಂದರು. ಎಂಟು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. "ನೋಡಿ ಹೇಳು. ಏನ್ ಮಾಡ್ತಿವೆ?"

ಟಾರ್ಚ್ ಹಿಡಿದು ನೋಡಿದೆ. ಒಳ್ಳೆಯ ಸುದ್ದಿ ಆಗಿರಲಿಲ್ಲ.

"ಮೂರು ತಳದಲ್ಲಿವೆ ಅತಾ, ಸರಿಯಾಗಿವೆ. ಕರಿ ರೆಕ್ಕೆದು ಮೇಲೆ ಬಂದು ಬಾಯಿ ತೆಗೀತಿದೆ. ಸ್ವಲ್ಪ ಓರೆಯಾಗಿದೆ."

"ಎಷ್ಟು ಓರೆ?"

"ಕೊನೆಗೆ ಸತ್ತದ್ದು ಶುರುವಿನಲ್ಲಿ ಇದ್ದಷ್ಟು."

ಅವರು ತಲೆಯಾಡಿಸಿದರು. "ಸೌಟು ಇಲ್ಲಿ ಕೊಡು. ನೀನು ನೋಡ್ತಾ ಇರು, ನಿಮಿಷ ನಿಮಿಷಕ್ಕೂ ಹೇಳು."

ಹಾಗೆ ಎರಡು ಗಂಟೆ. ಮಾವನ ತೋಳು ಸೋತಾಗ ನಾನು, ನನ್ನದು ಸೋತಾಗ ಅವರು. ಮಧ್ಯೆ ಅತ್ತೆ ಬಂದು, "ಮನೆಯೆಲ್ಲ ಕೆಸರು ಮಾಡಿ, ಇಬ್ಬರೂ ಹುಚ್ಚರೇ" ಎಂದು ಸೌಟು ಕಿತ್ತುಕೊಂಡು ಇನ್ನೂರು ಸಲ ಸುರಿದರು, ಬಾಯಲ್ಲಿ ಎಣಿಸುತ್ತಾ. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೆ. ಇನ್ನೂ ಓರೆ. ಇನ್ನೂ ಓರೆ. ಕಿವಿರು ಜೋರಾಗಿ ಬಡೀತಿದೆ. ಈಗ ಒಂದು ಸಲ ನೇರವಾಯಿತು. ಮತ್ತೆ ಓರೆ. ಯಾವ ಮಾತಿಗೂ ಮಾವ 'ನಿಜವಾ' ಎನ್ನಲಿಲ್ಲ. ಎಂಟಕ್ಕೆ ಅದು ಮೆಲ್ಲಗೆ ತಳಕ್ಕಿಳಿಯಿತು.

"ಇಳೀತು ಅತಾ. ಸೋತಿದೆ, ಆದ್ರೆ ಇಳೀತು."

ಎಂಟೂ ಇಪ್ಪತ್ತಕ್ಕೆ ದೀಪ ಬಂತು. ಸ್ಪಂಜು ಹಾಕಿ ಪ್ಲಗ್ ಚುಚ್ಚಿದೆ. ಚಕ್ರ ಕೆಮ್ಮಿ ನಿಂತಿತು. ತೆಗೆದು, ಒಳಗಿನ ಗಾಳಿ ಹೋಗುವ ಹಾಗೆ ವಾಲಿಸಿ, ಮತ್ತೆ ಚುಚ್ಚಿದೆ.

"ತಿರುಗ್ತಿದೆಯಾ?"

"ತಿರುಗ್ತಿದೆ ಅತಾ. ಬೇಕಾದ್ರೆ ಇಲ್ಲಿ ಕೈ ಇಟ್ಟು ನೋಡಿ, ನೀರು ತಾಗತ್ತೆ."

ಮಾವ ಒದ್ದೆ ತೋಳನ್ನು ಇಳಿಸಿಕೊಂಡು ಗುಂಡಿ ಹಾಕುತ್ತಿದ್ದರು.

"ಯಾಕೆ?" ಅಂದರು. "ನೀನು ಹೇಳಿದೆಯಲ್ಲ."

ಬೆರಳು ಮರಗಟ್ಟಿದೆ, ಅಕ್ಷರ ವಕ್ರವಾಗುತ್ತಿದೆ. ನಾಳೆಗೆ ಎರಡು ಬಕೆಟ್ ನೀರು ಹಿಡಿದಿಟ್ಟಾಯಿತು. ಇನ್ನೊಂದು ರಬ್ಬರ್ ಟೋಪಿ ಕೊರೆದಿಡಬೇಕು, ಈಗಿನದು ಬೇಸಿಗೆಗೆ ಸವೆಯಬಹುದು. ಮೇ ತಿಂಗಳಲ್ಲಿ ಸ್ಪಂಜಿನ ಅರ್ಧವನ್ನು ಮಾತ್ರ ಹಿಂಡಬೇಕು, ಅದೂ ತೊಟ್ಟಿಯ ನೀರಿನಲ್ಲೇ. ಉಳಿದ ಅರ್ಧ ಮುಂದಿನ ಚಳಿಗಾಲಕ್ಕೆ.